ಕೆರೆ, ಕಾಲುವೆ, ಹಿನ್ನೀರು: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ತುಂಗಭದ್ರೆಯ ಎರಡು ದಂಡೆಗಳ ಹಳ್ಳಿಗಾಡಿನಲ್ಲಿ, ಕೆರೆ-ಕಾಲುವೆಗಳ ನಡುವೆ ಸೈಕಲ್ ತುಳಿಯುವ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನವರು ಯಾವ ರಸ್ತೆ ಒಳ್ಳೆಯದು ಎಂದು ಕೇಳಿದ್ದಾರೆ. ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗಿಂತ ಮೊದಲು ಈ ವರ್ಷ ತುಂಗಭದ್ರಾ ಡ್ಯಾಮ್ ಎಷ್ಟು ತುಂಬಿದೆ, ಕಾಲುವೆಗೆ ನೀರು ಬಿಟ್ಟಿದ್ದಾರೆಯೇ, ಗದ್ದೆಯಲ್ಲಿ ನಾಟಿ ನಡೆದಿದೆಯೋ ಕೊಯ್ಲು ನಡೆದಿದೆಯೋ ಎಂದು ವಿಚಾರಿಸಬೇಕಾಗುತ್ತದೆ, ಏಕೆಂದರೆ ಸೆಪ್ಟೆಂಬರ್‌ನಲ್ಲಿ ಹಸಿರು ಗದ್ದೆಗಳ ನಡುವೆ ತಂಪಾಗಿ ಸಾಗುವ ರಸ್ತೆಯೇ ನವೆಂಬರ್ ಕೊನೆಗೆ ಭತ್ತದ ಕಣವಾಗಿರುತ್ತದೆ, ಮೇ ತಿಂಗಳಲ್ಲಿ ನೆರಳಿಲ್ಲದ ಬೆಂಗಾಡಾಗಿರುತ್ತದೆ.

ಪ್ರಶ್ನೆ: ಒಂದು ವರ್ಷದಿಂದ ರೋಡ್ ಸೈಕಲ್ ತುಳಿಯುತ್ತಿದ್ದೇನೆ. ಹೆದ್ದಾರಿಯಲ್ಲಿ ಹಿಟ್ನಾಳದ ಕಡೆಗೆ ಹೋಗಿ ಬರುವುದು ರೂಢಿಯಾಗಿದೆ. ಲಾರಿಗಳ ಕಾಟವಿಲ್ಲದ, ನೀರು ಕಾಣುವ, ಭಾನುವಾರ ಮಧ್ಯಾಹ್ನದೊಳಗೆ ಮುಗಿಯುವ ಸುಮಾರು 60 ಕಿ.ಮೀ. ದಾರಿಯೊಂದನ್ನು ತಿಳಿಸುವಿರಾ?
— ಬ್ಯಾಂಕ್ ನೌಕರರೊಬ್ಬರು, ಕೊಪ್ಪಳ

ಉತ್ತರ: ನೀವು ಕೇಳಿದ ದಾರಿ ನಿಮ್ಮ ಹಿಟ್ನಾಳದ ಮಗ್ಗುಲಲ್ಲಿಯೇ ಇದೆ. ಮುನಿರಾಬಾದ್‌ನಿಂದ ಹೊರಟು ಹುಲಿಗಿ, ಶಿವಪುರ, ಬಂಡಿ ಹರ್ಲಾಪುರ, ಸಾಣಾಪುರ, ಹನುಮನಹಳ್ಳಿಯ ಮೇಲೆ ಆನೆಗೊಂದಿ ತಲುಪಿ, ಅದೇ ದಾರಿಯಲ್ಲಿ ಮರಳಿದರೆ ನಿಮ್ಮ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹೆದ್ದಾರಿಯ ಭಾಗವನ್ನು ಬಿಡಬೇಕೆಂದರೆ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಮುನಿರಾಬಾದ್‌ವರೆಗೆ ಬಂದು ಅಲ್ಲಿಂದ ಆರಂಭಿಸಿ. ಡ್ಯಾಮಿನ ಮೇಲಿನ ರಸ್ತೆ ಸಾರ್ವಜನಿಕರಿಗೆ ತೆರೆದಿಲ್ಲ, ಆದ್ದರಿಂದ ಆ ಕಡೆಯಿಂದ ಹೊಸಪೇಟೆಗೆ ದಾಟುವ ಯೋಚನೆ ಬೇಡ.

ಈ ದಾರಿಯಲ್ಲಿ ನೀರು ಒಂದೇ ರೂಪದಲ್ಲಿ ಕಾಣುವುದಿಲ್ಲ, ನನಗೆ ಇದು ಇಷ್ಟವಾಗಲು ಅದೇ ಕಾರಣ. ಮೊದಲಿಗೆ 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ನೀರು ನಿಂತ ಜಲಾಶಯದ ಗೋಡೆ. ಆಗ ಈ ಎಡದಂಡೆ ಹೈದರಾಬಾದ್ ಸಂಸ್ಥಾನಕ್ಕೂ ಆಚೆಯ ಬಲದಂಡೆ ಮದ್ರಾಸ್ ಪ್ರಾಂತ್ಯಕ್ಕೂ ಸೇರಿದ್ದವು. ಬಳಿಕ ಎಡದಂಡೆ ಕಾಲುವೆ, ಅದರಿಂದ ಕವಲೊಡೆದ ಸಣ್ಣ ಕಾಲುವೆಗಳು, ಗದ್ದೆಯ ಬದುಗಳಲ್ಲಿ ಹರಿಯುವ ನೀರು. ಸಾಣಾಪುರಕ್ಕೆ ಬಂದಾಗ ಅದೇ ಕಾಲುವೆಯ ನೀರು ಬಂಡೆಗುಡ್ಡಗಳ ನಡುವೆ ಕೆರೆಯಾಗಿ ನಿಂತಿರುವುದನ್ನು ನೋಡುತ್ತೀರಿ. ಬೆಳಿಗ್ಗೆ ಏಳೂವರೆಗೆ ಅಲ್ಲಿ ನಿಂತರೆ, ರಾತ್ರಿ ದಡಕ್ಕೆ ಎಳೆದು ಬೋರಲು ಹಾಕಿದ ಹರಿಗೋಲುಗಳ ಡಾಂಬರು ಬಳಿದ ತಳದ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ. ಅಂಬಿಗರು ಒಂದೊಂದನ್ನೇ ತಲೆಯ ಮೇಲೆ ಹೊತ್ತು ನೀರಿಗಿಳಿಸುವಾಗ, ಗುಂಡನೆಯ ಬುಟ್ಟಿಯೊಂದಕ್ಕೆ ಎರಡು ಕಾಲು ಮೂಡಿ ನಡೆದುಹೋದಂತೆ ಕಾಣುತ್ತದೆ. ಹರಿಗೋಲಿನಲ್ಲಿ ಕೂಡಿರಿ, ಆದರೆ ಕೆರೆಯಲ್ಲಿ ಈಜಲು ಇಳಿಯಬೇಡಿ. ಆಳ ಏಕಾಏಕಿ ಹೆಚ್ಚಾಗುತ್ತದೆ, ನದಿಯಲ್ಲಿ ಮೊಸಳೆಗಳೂ ಇವೆ. ಡ್ಯಾಮಿನ ಕೆಳಗಿನಿಂದ ಕಂಪ್ಲಿಯವರೆಗಿನ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಆನೆಗೊಂದಿಯ ನದಿದಡದಲ್ಲಿ ತಾಳ್ಮೆಯಿಂದ ಕುಳಿತವರಿಗೆ ಅವು ಕಂಡದ್ದುಂಟು.

ರಸ್ತೆಯ ಬಗ್ಗೆ ಎರಡು ಎಚ್ಚರಿಕೆ. ಕಾಲುವೆಗಳ ಮೇಲಿನ ಸಣ್ಣ ಸೇತುವೆಗಳು ರಸ್ತೆಯ ಮಟ್ಟಕ್ಕಿಂತ ಎತ್ತರವಾಗಿದ್ದು, ಏರಿ ಇಳಿಯುವಲ್ಲಿ ಡಾಂಬರು ಕಿತ್ತಿರುತ್ತದೆ. ಇಳಿಜಾರಿನ ವೇಗದಲ್ಲಿ ಅದಕ್ಕೆ ಸಿಕ್ಕಿದರೆ ಕೈ ಹ್ಯಾಂಡಲ್‌ನಿಂದ ಜಾರುತ್ತದೆ. ಹನುಮನಹಳ್ಳಿ ಮತ್ತು ಆನೆಗೊಂದಿಯ ನಡುವೆ ಬಂಡೆಗಳ ಮರೆಯ ತಿರುವುಗಳು ಹಲವಿವೆ, ಎದುರಿನಿಂದ ಪ್ರವಾಸಿಗರ ವಾಹನಗಳು ರಸ್ತೆಯ ಮಧ್ಯದಲ್ಲಿಯೇ ಬರುತ್ತವೆ. ದಿನ ಆರಿಸುವಾಗ ದೇವರ ವಾರಗಳನ್ನು ನೆನಪಿಡಿ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಯಲ್ಲಿ ಜನ ಕಿಕ್ಕಿರಿಯುತ್ತಾರೆ, ಶನಿವಾರ ಅಂಜನಾದ್ರಿಯ ಸರದಿ. ನಿಮ್ಮ ಭಾನುವಾರವೂ ಹತ್ತು ಗಂಟೆಯ ಮೇಲೆ ನಿರಾಳವಾಗಿರುವುದಿಲ್ಲ, ಆದ್ದರಿಂದ ಆ ಹೊತ್ತಿಗೆ ನೀವು ಆನೆಗೊಂದಿಯಿಂದ ಮರಳಿ ಸಾಣಾಪುರ ದಾಟಿರಬೇಕು. ಹಾಗೆಂದು ನಸುಕಿನ ಕತ್ತಲೆಯಲ್ಲಿ ಈ ಗುಡ್ಡಗಳ ನಡುವೆ ಒಬ್ಬರೇ ಹೋಗಬೇಡಿ. ಆನೆಗೊಂದಿ ಸುತ್ತಿನ ಬೆಟ್ಟಗಳಲ್ಲಿ ಚಿರತೆಗಳಿವೆ. ಬೆಳಕು ಹರಿದ ಮೇಲೆ ಹುಲಿಗಿ ಬಿಟ್ಟರೆ ಎಲ್ಲವೂ ಹೊಂದುತ್ತದೆ.

ಪ್ರಶ್ನೆ: ನನಗೆ 61 ವರ್ಷ. ಬಿಸಿಲಿಗಿಂತಲೂ ಗಾಳಿ ನನ್ನನ್ನು ದಣಿಸುತ್ತದೆ. ನಮ್ಮ ಭಾಗದಲ್ಲಿ ದೂರದ ಸವಾರಿಗೆ ಯಾವ ತಿಂಗಳು ಸೂಕ್ತ?
— ನಿವೃತ್ತ ಅಂಚೆ ನೌಕರರು, ಕುರುಗೋಡು

ಉತ್ತರ: ನೀವು ಗಾಳಿಯ ಮಾತೆತ್ತಿದ್ದು ಸಂತೋಷ, ಏಕೆಂದರೆ ಬಯಲುಸೀಮೆಯ ಸವಾರರಿಗೆ ಘಟ್ಟವೆಂದರೆ ಗಾಳಿಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಪಡುವಣ ಗಾಳಿ ಇಡೀ ಹಗಲು ಬೀಸುತ್ತದೆ. ಆಷಾಢದ ಗಾಳಿಗೆ ಎದುರಾಗಿ 20 ಕಿ.ಮೀ. ತುಳಿಯುವುದು, ಗಾಳಿಯಿಲ್ಲದ ದಿನ 35 ಕಿ.ಮೀ. ತುಳಿದಷ್ಟು ಕಾಲನ್ನು ಹಿಂಡುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಆ ತಿಂಗಳುಗಳಲ್ಲಿ ಬೆಳಿಗ್ಗೆ, ಗಾಳಿ ಇನ್ನೂ ಮೈಮುರಿದು ಏಳುವ ಮೊದಲು, ಪಶ್ಚಿಮಕ್ಕೆ ಹೋಗಿ, ಬಿಸಿಲೇರಿದಾಗ ಬೆನ್ನಿಗೆ ಗಾಳಿ ಇಟ್ಟುಕೊಂಡು ಪೂರ್ವಕ್ಕೆ ಮರಳಬೇಕು. ಹಿಂದಿನ ಉತ್ತರದಲ್ಲಿ ಹೇಳಿದ ಮುನಿರಾಬಾದ್–ಆನೆಗೊಂದಿ ದಾರಿಯನ್ನೂ ಆಷಾಢದಲ್ಲಿ ಆನೆಗೊಂದಿಯ ತುದಿಯಿಂದ ಆರಂಭಿಸುವುದು ಜಾಣತನ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಅದರ ಜೋರು ಕಡಿಮೆ, ಆಗ ಲೆಕ್ಕ ತಿರುಗುಮುರುಗಾಗುತ್ತದೆ.

ನಿಮ್ಮ ವಯಸ್ಸಿಗೆ ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗಿನ ಕಾಲ ಹಿತ. ಜಲಾಶಯ ಮತ್ತು ಕೆರೆಗಳು ತುಂಬಿರುವುದೂ ಆಗಲೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಮ್ಮ ಮೂರೂ ಜಿಲ್ಲೆಗಳಲ್ಲಿ ಸಾಮಾನ್ಯ. ಆಗ ಎಂಟು ಗಂಟೆಯೊಳಗೆ ಮನೆ ಸೇರುವಷ್ಟೇ ದೂರ ಹೋಗಿ. ಬರಿಯ ನೀರು ಕುಡಿದರೆ ಸಾಲದು, ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಬೆರೆಸಿದ ತೆಳು ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಹೃದಯ, ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಬಿಸಿಲಿನ ಸವಾರಿಯ ಬಗ್ಗೆ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ. ಕೆಲವು ಔಷಧಿಗಳು ಮೈಯ ನೀರನ್ನು ಇಳಿಸುತ್ತವೆ.

ಪ್ರಶ್ನೆ: ನಮ್ಮೂರಿನ ಬಳಿ ಎಡದಂಡೆ ಕಾಲುವೆಯ ದಂಡೆಯ ಮೇಲಿನ ಮಣ್ಣಿನ ದಾರಿ ನೇರವಾಗಿ, ಜನವಿಲ್ಲದೆ, ಕಣ್ಣಿಗೆ ಹಬ್ಬವಾಗಿದೆ. ಅದರ ಮೇಲೆ ಸೈಕಲ್ ಓಡಿಸಬಹುದೇ?
— ಶಾಲಾ ಶಿಕ್ಷಕಿ, ಸಿಂಧನೂರು ತಾಲ್ಲೂಕು

ಉತ್ತರ: ಓಡಿಸಬೇಡಿ ಎಂದು ಹೇಳಲು ನನಗೇ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಅದು ನೀರಾವರಿ ಇಲಾಖೆಯವರು ಕಾಲುವೆಯ ಪರಿಶೀಲನೆಗೆಂದು ಇಟ್ಟುಕೊಂಡ ದಾರಿ. ತಡೆಗೋಡೆ ಇರುವುದಿಲ್ಲ, ಸಡಿಲ ಗರಸು ಮಣ್ಣು ಅಂಚಿಗೆ ಜಾರುತ್ತಿರುತ್ತದೆ, ರೋಡ್ ಸೈಕಲ್ಲಿನ ಸಣ್ಣ ಟಯರು ಅದರಲ್ಲಿ ಹೂತು ಪಕ್ಕಕ್ಕೆ ಎಳೆಯುತ್ತದೆ. ನೀರು ತುಂಬಿದಾಗ ಕಾಲುವೆಯ ಮೇಲ್ಮೈ ಶಾಂತವಾಗಿ ಕಂಡರೂ ಒಳಗಿನ ಸೆಳವು ಬಲವಾಗಿರುತ್ತದೆ, ಪಾಚಿಗಟ್ಟಿದ ಸಿಮೆಂಟಿನ ಇಳಿಜಾರು ಹಿಡಿತಕ್ಕೆ ಸಿಗುವುದಿಲ್ಲ. ಈಜು ಬಲ್ಲವರೂ ಅಲ್ಲಿಂದ ಮೇಲೆ ಬರಲಾರದೆ ಹೋದ ಸುದ್ದಿಯನ್ನು ನಾವು ಪ್ರತಿ ವರ್ಷ ಓದುತ್ತೇವೆ.

ಇದಕ್ಕೆ ಬದಲಾಗಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಡಾಂಬರು ರಸ್ತೆಗಳನ್ನು ಹಿಡಿಯಿರಿ. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ರೈತ ಕುಟುಂಬಗಳ ಈ ಕ್ಯಾಂಪುಗಳು ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಎರಡು-ಮೂರು ಕಿಲೋಮೀಟರಿಗೊಂದರಂತೆ ಸಿಗುತ್ತವೆ. ವಿತರಣಾ ಕಾಲುವೆ ಪಕ್ಕದಲ್ಲಿಯೇ ಸಾಗುವುದರಿಂದ ನಿಮಗೆ ಬೇಕಾದ ನೀರು, ಕೊಕ್ಕರೆ, ತಂಗಾಳಿ ಎಲ್ಲವೂ ಇಲ್ಲಿಯೂ ಇವೆ. ಬೆಳಗಿನ ಇಡ್ಲಿಯೂ ಸಿಗುತ್ತದೆ.

ಈ ರಸ್ತೆಗಳಿಗೆ ಎರಡು ಕಷ್ಟಗಳಿವೆ. ನಾಟಿಯ ಕಾಲದಲ್ಲಿ ಕೆಸರುಗದ್ದೆಯ ಟ್ರ್ಯಾಕ್ಟರುಗಳು ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ರಸ್ತೆಗೆ ಬರುವುದರಿಂದ ಡಾಂಬರಿನ ಮೇಲೆ ಅಡ್ಡಡ್ಡ ಗೀರುಗಳು ಬೀಳುತ್ತವೆ. ಅದರ ಮೇಲೆ ಹಾಯುವಾಗ ಅಂಗೈ ಜೋಮು ಹಿಡಿಯುತ್ತದೆ. ಎರಡನೆಯದು ಕೊಯ್ಲಿನ ಕಾಲದ ಭತ್ತ. ನವೆಂಬರ್, ಡಿಸೆಂಬರ್‌ಗಳಲ್ಲಿ, ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ, ರಸ್ತೆಯ ಒಂದು ಬದಿಯನ್ನು ಕಿಲೋಮೀಟರುಗಟ್ಟಲೆ ಭತ್ತ ಒಣಗಿಸಲು ಬಳಸುತ್ತಾರೆ. ಬರಿಗಾಲಿನಲ್ಲಿ ಪಾದವನ್ನು ನೇಗಿಲಿನಂತೆ ಎಳೆಯುತ್ತ ಹೆಂಗಸರು ಅದರಲ್ಲಿ ಸಾಲು ಕೊರೆದು ಹೊರಳಿಸುತ್ತಿರುತ್ತಾರೆ. ಭತ್ತದ ಮೇಲೆ ಸೈಕಲ್ ಹಾಯಿಸಬೇಡಿ. ಅದು ಅವರ ಆರು ತಿಂಗಳ ದುಡಿಮೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರವೂ ಜಾರುತ್ತದೆ. ಇನ್ನು, ರಾತ್ರಿ ಭತ್ತವನ್ನು ರಾಶಿ ಮಾಡಿ ಟಾರ್ಪಾಲಿನ್ ಹೊದಿಸಿ, ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬೆಳಿಗ್ಗೆ ರಾಶಿ ಎತ್ತಿದರೂ ಕಲ್ಲು ಉಳಿದಿರುತ್ತವೆ. ಕಾರಟಗಿಯ ಆಚೆ ಅಂಥ ಒಂದು ಕಲ್ಲಿಗೆ ಮುಂದಿನ ಚಕ್ರ ತಾಗಿ ಬಿದ್ದು ನನ್ನ ಎಡ ಮಣಿಕಟ್ಟು ಬಿರುಕುಬಿಟ್ಟಿತ್ತು, ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಲೈಟು ಇಲ್ಲದೆ ಹೊರಟದ್ದು ನನ್ನದೇ ತಪ್ಪು. ಅಂದಿನಿಂದ ಹಗಲಾಗುವ ಮೊದಲು ಹೊರಡುವ ದಿನ ಹ್ಯಾಂಡಲ್‌ಗೆ ಬಲವಾದ ಲೈಟ್ ಕಟ್ಟದೆ ನಾನು ಹೊಸ್ತಿಲು ದಾಟುವುದಿಲ್ಲ.

ನಿಮ್ಮೂರಿನಿಂದ ಒಂದು ದಿನದ ಗುರಿ ಬೇಕಿದ್ದರೆ ಮಸ್ಕಿಗೆ ಹೋಗಿ. 1915ರಲ್ಲಿ ಬೆಳಕಿಗೆ ಬಂದ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರಿಟ್ಟು ತಿಳಿಸಿದ ಶಾಸನದ ಬಂಡೆಯನ್ನು ನೋಡಿ, ಅಲ್ಲಿಂದ ಮಾರಲದಿನ್ನಿಯ ಬಳಿಯ ಮಸ್ಕಿ ನಾಲಾ ಜಲಾಶಯದವರೆಗೆ ಮುಂದುವರಿಯಬಹುದು. ಹೆದ್ದಾರಿಯ ಭಾಗದಲ್ಲಿ ಮಾತ್ರ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ನನ್ನ ಬಳಿ ಇರುವುದು ಗೇರ್ ಇಲ್ಲದ ಕಪ್ಪು ಸೈಕಲ್. ಇಂಥ ದಾರಿಗಳಿಗೆ ಅದು ಸಾಲುವುದೇ?
— ಪಿಯುಸಿ ವಿದ್ಯಾರ್ಥಿ, ಮಾನ್ವಿ

ಉತ್ತರ: ಧಾರಾಳವಾಗಿ ಸಾಲುತ್ತದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡು ಬಹುಪಾಲು ಸಮತಟ್ಟು, ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಅದೇ ಸೈಕಲ್ಲಿನಲ್ಲಿ ಹಳ್ಳಿಹಳ್ಳಿ ತಿರುಗಿದವರು ನಮ್ಮಲ್ಲಿ ಎಷ್ಟೋ ಜನ. ಸೀಟನ್ನು ನಿಮ್ಮ ಕಾಲಿನ ಅಳತೆಗೆ ಎತ್ತರಿಸಿ, ಬ್ರೇಕಿನ ರಬ್ಬರ್ ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಮೊದಲ ಸಲ 30 ಕಿ.ಮೀ.ಗೆ ತೃಪ್ತರಾಗಿ.

ಪ್ರಶ್ನೆ: ಕಳೆದ ತಿಂಗಳು ಒಂದೇ ಸವಾರಿಯಲ್ಲಿ ಮೂರು ಸಲ ಪಂಕ್ಚರ್ ಆಯಿತು. ಹೊಸ ಟ್ಯೂಬ್ ಹಾಕಿದ ಹತ್ತು ನಿಮಿಷಕ್ಕೇ ಮತ್ತೆ ಗಾಳಿ ಹೋಯಿತು. ಟಯರು ಕಳಪೆಯೇ?
— ವೈದ್ಯಕೀಯ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಟಯರನ್ನು ದೂರುವ ಮೊದಲು ಅದರ ಒಳಮೈಯನ್ನು ನೋಡಿ. ಹೊಸ ಟ್ಯೂಬ್ ಹತ್ತು ನಿಮಿಷದಲ್ಲಿ ಹೋಯಿತೆಂದರೆ ಹಳೆಯ ಮುಳ್ಳು ಟಯರಿನಲ್ಲಿಯೇ ಕುಳಿತಿದೆ ಎಂದರ್ಥ. ಅಮೆರಿಕ ಖಂಡದಿಂದ ಬಂದು ನಿಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ನಮ್ಮ ಪ್ರತಿ ಕೆರೆಯಂಗಳವನ್ನೂ ಕಾಲುವೆಯ ಬದಿಯನ್ನೂ ಆವರಿಸಿದೆ. ರಸ್ತೆಬದಿಯ ಜಾಲಿ ಸವರಿದ ವಾರದಲ್ಲಿ ಡಾಂಬರಿನ ಅಂಚಿನ ಎರಡಡಿ ಜಾಗದಲ್ಲಿ ಅದರ ಮುಳ್ಳು ಚೆಲ್ಲಿರುತ್ತದೆ. ಮುಳ್ಳು ನೇರವಾಗಿ, ಗಟ್ಟಿಯಾಗಿ, ಒಂದು ಅಂಗುಲಕ್ಕೂ ಉದ್ದವಿರುತ್ತದೆ. ಚುಚ್ಚಿದ ಮೇಲೆ ಹೊರಗಿನ ಭಾಗ ರಸ್ತೆಗೆ ಉಜ್ಜಿ ಮುರಿಯುತ್ತದೆ, ಕಪ್ಪು ತುದಿ ಮಾತ್ರ ಕಪ್ಪು ರಬ್ಬರಿನೊಳಗೆ ಉಳಿಯುವುದರಿಂದ ಹೊರಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ.

ಹುಡುಕುವ ಕ್ರಮ ಹೀಗಿದೆ. ಟ್ಯೂಬ್ ಹೊರತೆಗೆಯುವ ಮುನ್ನ ಗಾಳಿ ತುಂಬುವ ವಾಲ್ವ್ ಟಯರಿನ ಯಾವ ಅಕ್ಷರದ ಎದುರಿಗಿದೆ ಎಂದು ಗುರುತು ಹಾಕಿಕೊಳ್ಳಿ. ಟ್ಯೂಬಿಗೆ ಗಾಳಿ ಹಾಕಿ ಕೆನ್ನೆಯ ಬಳಿ ತಿರುಗಿಸಿದರೆ ತೂತು ಇರುವ ಜಾಗದಲ್ಲಿ ತಣ್ಣನೆಯ ಗಾಳಿ ತಾಗುತ್ತದೆ. ವಾಲ್ವಿನಿಂದ ಆ ತೂತಿಗೆ ಎಷ್ಟು ದೂರವೋ ಟಯರಿನಲ್ಲಿಯೂ ಅಷ್ಟೇ ದೂರದಲ್ಲಿ ಮುಳ್ಳಿರುತ್ತದೆ. ಬೆರಳಿನಿಂದ ಒಳಮೈ ಸವರಬೇಡಿ, ಚುಚ್ಚಿದರೆ ನೋವು ಮೂರು ದಿನ ಬಿಡುವುದಿಲ್ಲ. ಅರಳೆ ಅಥವಾ ಹಳೆಯ ಬನಿಯನ್ ತುಂಡಿನಿಂದ ಸವರಿದರೆ ಎಳೆ ಸಿಕ್ಕಿಕೊಂಡು ಜಾಗ ತಾನೇ ತಿಳಿಯುತ್ತದೆ. ಟಯರನ್ನು ಹೊರಮಗ್ಗುಲಿಗೆ ಬಾಗಿಸಿ, ಉಗುರು ಕತ್ತರಿಯಿಂದಲೋ ಸಣ್ಣ ಚಿಮುಟದಿಂದಲೋ ಒಳಗಿನಿಂದ ಎಳೆಯಿರಿ. ಹೊರಗಿನಿಂದ ಒತ್ತಿದರೆ ಅದು ಮತ್ತೆ ಟ್ಯೂಬಿನ ಕಡೆಗೇ ಸಾಗುತ್ತದೆ.

ಗದ್ದೆ ಬದುವಿನ ನೆಗ್ಗಿಲು ಮುಳ್ಳು ಇನ್ನೊಂದು ಬಗೆಯದು. ಚಿಕ್ಕದಾದರೂ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುತ್ತದೆ. ಫೋಟೊ ತೆಗೆಯಲು ಸೈಕಲ್ಲನ್ನು ರಸ್ತೆಯಿಂದ ಕೆಳಗಿಳಿಸಿದಾಗಲೇ ಅದು ಹತ್ತುವುದು ಹೆಚ್ಚು, ಆದ್ದರಿಂದ ಎತ್ತಿಕೊಂಡು ಹೋಗಿ. ನಮ್ಮ ರಸ್ತೆಗಳಿಗೆ 25 ಮಿ.ಮೀ. ಟಯರು ತೆಳುವಾಯಿತು. ನಿಮ್ಮ ಫ್ರೇಮಿನಲ್ಲಿ ಜಾಗವಿದ್ದರೆ 32, ಇಲ್ಲವಾದರೆ 28 ಮಿ.ಮೀ. ಹಾಕಿಸಿ. ಟ್ಯೂಬ್‌ಲೆಸ್ ಚಕ್ರವಿದ್ದರೆ ಸೀಲಂಟ್ ದ್ರವ ಹಾಕಿಸುವುದು ಈ ಮುಳ್ಳುಗಳಿಗೆ ನಾನು ಕಂಡ ಒಳ್ಳೆಯ ಉಪಾಯ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಏನೇ ಇರಲಿ, ಎರಡು ಟ್ಯೂಬ್, ಪ್ಯಾಚ್, ಪಂಪು ಜೊತೆಗಿರಲಿ. ಹಳ್ಳಿಯ ಸೈಕಲ್ ಶಾಪಿನವರು ಯಾವ ಪಂಕ್ಚರನ್ನಾದರೂ ತಿದ್ದಿಕೊಡುತ್ತಾರೆ, ಆದರೆ ರೋಡ್ ಸೈಕಲ್ಲಿನ ಅಳತೆಯ ಟ್ಯೂಬ್ ಅವರಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಾವು ಕಾರ್ಖಾನೆಯ ನಾಲ್ವರು ಗೆಳೆಯರು ದರೋಜಿ ಕೆರೆಗೆ ಸೈಕಲ್ಲಿನಲ್ಲಿ ಹೋಗಬೇಕೆಂದಿದ್ದೇವೆ. ಕರಡಿಗಳ ಭಯವಿದೆಯೇ?
— ಉಕ್ಕಿನ ಕಾರ್ಖಾನೆ ನೌಕರರು, ತೋರಣಗಲ್ಲು

ಉತ್ತರ: ಕರಡಿಗಿಂತ ಮೊದಲು ಲಾರಿಗಳ ಬಗ್ಗೆ ಯೋಚಿಸಿ. ನಿಮ್ಮ ಭಾಗದ ಹೆದ್ದಾರಿಯಲ್ಲಿ ಅದಿರಿನ ಲಾರಿಗಳ ಸಂಚಾರ ಹಗಲಿರುಳು ಇರುತ್ತದೆ, ಅಂಚಿನಲ್ಲಿ ಕೆಂಪು ದೂಳು ದಪ್ಪವಾಗಿ ಕುಳಿತಿರುತ್ತದೆ, ಮಳೆ ಬಿದ್ದ ದಿನ ಅದು ಸಾಬೂನಿನಂತೆ ಜಾರುತ್ತದೆ. ಹೆದ್ದಾರಿಯ ತುಣುಕನ್ನು ಆದಷ್ಟು ಬೇಗ ಮುಗಿಸಿ, ಒಬ್ಬರ ಹಿಂದೆ ಒಬ್ಬರಾಗಿ ಸಾಗಿ, ಒಳದಾರಿ ಸಿಕ್ಕೊಡನೆ ಹೊರಳಿಕೊಳ್ಳಿ.

ದರೋಜಿಯ ಕೆರೆ ತುಂಬಿದ ವರ್ಷ ಅದರ ಏರಿಯ ಮೇಲೆ ನಿಂತು ನೋಡುವುದು ಒಂದು ಭಾಗ್ಯ. ಹಿಂದೆ ಗುಡ್ಡಗಳ ಸಾಲು, ಮುಂದೆ ನೀರು, ಏರಿಯ ಕೆಳಗೆ ಬಾಳೆ, ಭತ್ತ. ಬುರ್ರಕಥೆಯ ದರೋಜಿ ಈರಮ್ಮನವರ ಊರಿದು, ಬಳ್ಳಾರಿ ಜಿಲ್ಲೆಯವರಾದ ನಾವು ಆ ಹೆಸರನ್ನು ನೆನೆಯದೆ ಇಲ್ಲಿಂದ ಹಾದುಹೋಗಬಾರದು. ಕೆರೆ ಏರಿಯ ಮೇಲೆ ದನಕರುಗಳೂ ಎತ್ತಿನ ಗಾಡಿಗಳೂ ಬರುತ್ತವೆ, ಗಂಟೆ ಬಾರಿಸಿ, ನಿಧಾನಿಸಿ, ಅವುಗಳಿಗೆ ನೀರಿನ ಕಡೆಯ ಅಂಚನ್ನು ಬಿಡದೆ ಹೊಲದ ಕಡೆಯ ಅಂಚನ್ನು ಬಿಟ್ಟುಕೊಡಿ.

ಇನ್ನು ಕರಡಿಗಳ ಮಾತು. ಕರಡಿಧಾಮವನ್ನು 1994ರಲ್ಲಿ ಘೋಷಿಸಲಾಯಿತು. ಅದರೊಳಗೆ ಸೈಕಲ್ ಓಡಿಸುವ ಪ್ರಶ್ನೆಯೇ ಇಲ್ಲ. ಹೊರಗಿನ ರಸ್ತೆಗಳಲ್ಲಿಯೂ ಕರಡಿಗಳು ಇಳಿಹೊತ್ತಿನಿಂದ ನಸುಕಿನವರೆಗೆ ಸೀತಾಫಲ, ಬಾರೆಹಣ್ಣು, ಶೇಂಗಾ ಹುಡುಕಿ ಹೊಲಗಳಿಗೆ ಬರುವುದುಂಟು. ಸೈಕಲ್ಲಿಗೆ ಸದ್ದಿಲ್ಲ, ಹೀಗಾಗಿ ಕರಡಿಗೆ ನೀವು ಬರುವುದು ತಿಳಿಯುವುದಿಲ್ಲ, ತಿರುವಿನಲ್ಲಿ ಥಟ್ಟನೆ ಎದುರಾದರೆ ಅದು ಹೆದರಿ ಮೇಲೆರಗುತ್ತದೆ. ಬೆಳಿಗ್ಗೆ ಏಳರ ಮೇಲೆ, ಸಂಜೆ ಐದರ ಒಳಗೆ, ನಾಲ್ವರೂ ಮಾತನಾಡುತ್ತ ಹೋದರೆ ಭಯಪಡಬೇಕಾಗಿಲ್ಲ. ಕರಡಿಗಳನ್ನು ನೋಡಲೇಬೇಕೆಂದರೆ ಇನ್ನೊಂದು ದಿನ ಮಧ್ಯಾಹ್ನದ ಮೇಲೆ ವಾಹನದಲ್ಲಿ ಹೋಗಿ, ಅರಣ್ಯ ಇಲಾಖೆಯ ವೀಕ್ಷಣಾ ಗೋಪುರದಿಂದ ನೋಡಿ.

ಪ್ರಶ್ನೆ: ಎಲ್ಲರೂ ಕಾಲುವೆ ಕಡೆಯ ದಾರಿಗಳನ್ನೇ ಹೇಳುತ್ತಾರೆ. ಮಳೆಯನ್ನೇ ನಂಬಿದ ನಮ್ಮ ಕುಷ್ಟಗಿ, ಕುಕನೂರು ಭಾಗದಲ್ಲಿ ಸೈಕಲ್ ಸವಾರರಿಗೆ ಕೆರೆ ದಾರಿಗಳೇ ಇಲ್ಲವೇ?
— ಕಾಲೇಜು ಉಪನ್ಯಾಸಕರು, ಕುಷ್ಟಗಿ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ನನ್ನನ್ನು ಕೇಳಿದರೆ ಕೊಪ್ಪಳ ಜಿಲ್ಲೆಯ ಅತ್ಯುತ್ತಮ ಸವಾರಿ ನಿಮ್ಮ ಕಡೆಯೇ ಇದೆ. ಕೊಪ್ಪಳದಿಂದ ಕಿನ್ನಾಳಕ್ಕೆ ಹೋಗಿ, ಹಗುರ ಮರದ ಗೊಂಬೆಗಳಿಗೆ ಬಣ್ಣ ಬಳಿಯುವ ಚಿತ್ರಗಾರರ ಓಣಿಯಲ್ಲಿ ಸ್ವಲ್ಪ ಹೊತ್ತು ಕಳೆದು, ಹಿರೇಹಳ್ಳದ ಜಲಾಶಯ ನೋಡಿ ಮರಳುವುದು ಎಳೆಯರಿಗೂ ಆಗುವ ದಾರಿ. ಇನ್ನೂ ಶಕ್ತಿಯಿದ್ದವರು ಕುಕನೂರಿನ ನವಲಿಂಗ ದೇವಾಲಯ, ಅಲ್ಲಿಂದ ಇಟಗಿಗೆ ಹೋಗಲಿ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ದೇವಾಲಯ ಚಕ್ರವರ್ತಿ ಎಂದು ಶಾಸನ ಹೊಗಳಿದ ಗುಡಿಯ ಎದುರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು. ಜೋಳ, ಕಡಲೆಯ ಹೊಲಗಳ ನಡುವೆ ದಿಗಂತದವರೆಗೆ ಕಾಣುವ ಈ ರಸ್ತೆಗಳಲ್ಲಿ ವಾಹನಗಳು ವಿರಳ. ಜನವರಿಯಲ್ಲಿ ಸೀತನಿಯ ಕಾಲಕ್ಕೆ ಹೋದರೆ ಹೊಲದವರು ಕರೆದು ತೆನೆ ಸುಟ್ಟು ಕೊಡುತ್ತಾರೆ.

ಕೆರೆಗಳ ಮಟ್ಟಿಗೆ ಹೇಳುವುದಾದರೆ, ಇಲ್ಲಿನ ಕೆರೆ ತುಂಬುವುದು ಮಳೆರಾಯನ ಕೈಯಲ್ಲಿದೆ, ಆದರೆ ಹೂಳೆತ್ತಿ ಕಾಯುವುದು ಊರವರ ಕೈಯಲ್ಲಿದೆ ಎಂಬುದನ್ನು ನಿಮ್ಮ ಜಿಲ್ಲೆ ತೋರಿಸಿಕೊಟ್ಟಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಪಾತ್ರವನ್ನು 20 ಕಿ.ಮೀ.ಗೂ ಹೆಚ್ಚು ದೂರ ಜಾಲಿ, ಹೂಳು ತೆಗೆಸಿ ಸ್ವಚ್ಛಗೊಳಿಸಿದರು. ನಿಮ್ಮ ನಿಡಶೇಸಿ ಕೆರೆ, ಈಚೆಗೆ ಗಿಣಿಗೇರಿ ಕೆರೆ ಕೂಡ ಜನರ ದುಡಿಮೆಯಿಂದಲೇ ಹೊಸ ರೂಪ ಪಡೆದವು. ಕುಷ್ಟಗಿಯಿಂದ ನಿಡಶೇಸಿ ಕೆರೆ ತೀರ ಹತ್ತಿರ, ಬೆಳಗಿನ ದಿನನಿತ್ಯದ ಸವಾರಿಗೆ ಅದನ್ನೇ ಇಟ್ಟುಕೊಳ್ಳಿ.

ಒಂದು ಮಾತ್ರ ಗಮನಿಸಿ. ನಿಮ್ಮದು ಎರೆಭೂಮಿ. ಮಳೆ ಬಿದ್ದ ಮರುದಿನ ಡಾಂಬರು ಬಿಟ್ಟು ಹತ್ತು ಹೆಜ್ಜೆ ಹೊಲದ ದಾರಿಗೆ ಇಳಿದರೂ ಎರೆ ಮಣ್ಣು ಟಯರಿಗೆ ಮೆತ್ತಿ, ಬ್ರೇಕಿನ ಕೆಳಗೆ ಗಟ್ಟಿಯಾಗಿ ತುಂಬಿಕೊಂಡು, ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಬಲವಂತವಾಗಿ ತುಳಿದರೆ ಹಿಂದಿನ ಚಕ್ರದ ಬಳಿ ಗೇರ್ ಬದಲಿಸುವ ಡಿರೇಲರ್ ಮುರಿಯುತ್ತದೆ. ಇಳಿದು, ಕಡ್ಡಿಯಿಂದ ಮಣ್ಣು ಕೆತ್ತಿ, ಸೈಕಲ್ಲನ್ನು ಹೆಗಲಿಗೇರಿಸಿ ಡಾಂಬರಿಗೆ ಮರಳುವುದೊಂದೇ ಉಪಾಯ.

ಪ್ರಶ್ನೆ: ನಾವು ಮೂವರು ಹೆಣ್ಣುಮಕ್ಕಳು ವಾರಾಂತ್ಯಕ್ಕೆ ಸವಾರಿ ಹೋಗುತ್ತೇವೆ. ಹಳ್ಳಿಗಳಲ್ಲಿ ತೊಂದರೆಯಾದೀತೆಂದು ಮನೆಯವರು ಹೆದರುತ್ತಾರೆ.
— ಗೃಹಿಣಿ, ರಾಯಚೂರು

ಉತ್ತರ: ಮನೆಯವರ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ. ನಿಮ್ಮ ದಾರಿ, ಮರಳುವ ಹೊತ್ತು ಎರಡನ್ನೂ ಅವರಿಗೆ ಬರೆದುಕೊಟ್ಟು, ಫೋನಿನಲ್ಲಿ ನೀವಿರುವ ಜಾಗ ಅವರಿಗೆ ಕಾಣುವಂತೆ ಮಾಡಿ ಹೊರಡಿ. ಊರಿಂದ ಊರಿಗೆ ಹೋಗುವ ದಾರಿಯನ್ನೇ ಆರಿಸಿ, ಕೆರೆಯ ನಿರ್ಜನ ಹಿಂಭಾಗಕ್ಕೆ, ಗುಡ್ಡದ ಒಳದಾರಿಗೆ ಮೂವರೇ ಇಳಿಯಬೇಡಿ. ನಿಲ್ಲುವುದಾದರೆ ಹೆಂಗಸರು ನಡೆಸುವ ಹೋಟೆಲಿನಲ್ಲಿಯೋ ಗುಡಿಯ ಕಟ್ಟೆಯ ಬಳಿಯೋ ನಿಲ್ಲಿ. ಒಂದು ತಟ್ಟೆ ಒಗ್ಗರಣೆ-ಮಿರ್ಚಿ ತೆಗೆದುಕೊಂಡು, ಯವ್ವಾ, ಮುಂದಿನ ದಾರಿ ಹೆಂಗೈತಿ ಎಂದು ಕೇಳಿದರೆ ಅವರು ದಾರಿಯನ್ನೂ ಹೇಳುತ್ತಾರೆ, ನಿಮ್ಮ ಮೇಲೆ ಒಂದು ಕಣ್ಣನ್ನೂ ಇಡುತ್ತಾರೆ. ತುರ್ತಿಗೆ 112 ನೆನಪಿರಲಿ. ವಿಜಯಪುರ, ಬಾಗಲಕೋಟೆ, ಗದಗದ ಕ್ರೀಡಾ ವಸತಿನಿಲಯಗಳ ಹುಡುಗಿಯರು ವರ್ಷಗಳಿಂದ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ತುಳಿದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ ಎಂದು ಮನೆಯವರಿಗೆ ತಿಳಿಸಿ.

ಪ್ರಶ್ನೆ: ಬಳ್ಳಾರಿಯಿಂದ ಕುರುಗೋಡು, ಕಂಪ್ಲಿಯ ಮೇಲೆ ಗಂಗಾವತಿಗೆ ಸೈಕಲ್ಲಿನಲ್ಲಿ ಬರಬೇಕೆಂದಿದ್ದೇನೆ. ಆಗಸ್ಟ್ ತಿಂಗಳಲ್ಲಿ ಹೊಳೆ ದಾಟುವುದು ಹೇಗೆ?
— ಅಂಗಡಿ ಮಾಲೀಕರು, ಗಂಗಾವತಿ

ಉತ್ತರ: ದಾರಿ ಚೆನ್ನಾಗಿದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದರ್ಶನಕ್ಕೆ ಇಳಿಯಲು ಮರೆಯದಿರಿ. ಕಂಪ್ಲಿಯ ಸೇತುವೆಯೊಂದೇ ಚಿಂತೆಯ ಸಂಗತಿ. ಡ್ಯಾಮಿನಿಂದ ಹೊಳೆಗೆ ಬಿಡುವ ನೀರು ಒಂದು ಲಕ್ಷ ಕ್ಯುಸೆಕ್ ಮೀರಿದರೆ ಆ ಸೇತುವೆ ಮುಳುಗುತ್ತದೆ, ಸಂಚಾರ ನಿಲ್ಲುತ್ತದೆ. ನೀರು ಇಳಿದ ಮೇಲೂ ತಡೆಗಂಬಗಳು ಕಿತ್ತುಹೋಗಿ, ಕೆಸರು, ಕಸ ಕುಳಿತು ಜಾರುತ್ತಿರುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹೊರಡುವ ಹಿಂದಿನ ಸಂಜೆ ಮತ್ತು ಹೊರಡುವ ಬೆಳಿಗ್ಗೆ, ಎರಡೂ ಸಲ ಡ್ಯಾಮಿನ ಹೊರಹರಿವು ಎಷ್ಟಿದೆ ಎಂದು ಪತ್ರಿಕೆಯಲ್ಲಿಯೋ ಕಂಪ್ಲಿಯ ಪರಿಚಯದವರಲ್ಲಿಯೋ ವಿಚಾರಿಸಿ. ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಮಳೆಯಿಲ್ಲದ ಹೊತ್ತಿನಲ್ಲಿಯೂ ನದಿ ಒಂದೇ ರಾತ್ರಿಯಲ್ಲಿ ಏರಿದ್ದನ್ನು ನೀವು ಕಂಡಿದ್ದೀರಿ.

ಕಂಪ್ಲಿ ಸೇತುವೆ ಮುಚ್ಚಿದ್ದರೆ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವಿನ ಸೇತುವೆಗೆ ಬನ್ನಿ, ಅದು ಎತ್ತರದ್ದು. ಅಲ್ಲಿಂದ ಗಂಗಾವತಿಗೆ ನೇರ ದಾರಿಯಿದೆ. ಇದರಿಂದ ದೂರ ಹೆಚ್ಚುತ್ತದೆ, ಆಷಾಢ-ಶ್ರಾವಣದ ಗಾಳಿಯೂ ಎದುರಿಗೇ ಸಿಗುತ್ತದೆ, ಆದ್ದರಿಂದ ಬಳ್ಳಾರಿಯನ್ನು ಒಂದು ಗಂಟೆ ಮುಂಚೆ ಬಿಡಿ. ಎರಡು ದಾರಿಯೂ ಸಾಧ್ಯವಾಗದಿದ್ದರೆ ರೈಲಿದೆ. ಬಳ್ಳಾರಿಯಲ್ಲಿ ಲಗೇಜ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಿ, ಹ್ಯಾಂಡಲ್‌ಗೆ ನಿಮ್ಮ ಹೆಸರು, ಇಳಿಯುವ ಊರು ಬರೆದ ಚೀಟಿ ಕಟ್ಟಿ, ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಯಲ್ಲಿ ಕೊಪ್ಪಳಕ್ಕೆ ಬಂದಿಳಿಯಿರಿ. ಗಿಣಿಗೇರಿಯಂಥ ಸಣ್ಣ ನಿಲ್ದಾಣಗಳಲ್ಲಿ ಗಾಡಿ ಒಂದೆರಡು ನಿಮಿಷ ಮಾತ್ರ ನಿಲ್ಲುವುದರಿಂದ ಸೈಕಲ್ ಇಳಿಸಿಕೊಳ್ಳುವುದು ಕಷ್ಟ. ಕೊಪ್ಪಳದಿಂದ ಗಿಣಿಗೇರಿ, ಬೂದಗುಂಪಾ, ದಾಸನಾಳದ ಮೇಲೆ ಗಂಗಾವತಿಗೆ ತುಳಿಯುವಾಗ ಶ್ರಾವಣದ ಗಾಳಿ ನಿಮ್ಮ ಬೆನ್ನಿಗಿರುತ್ತದೆ.